‘ಅಹವಾಲು ಸಭೆ’ ಬದಲಿಗೆ ಏನು ಬರೆಯೋಣ?

ವಿಜ್ಞಾನ, ಪರಿಸರದ ಸುದ್ದಿ ಬರೆಯುವವರಿಗೆ ಒಂದು ಪ್ರಶ್ನೆ. ಕಾರ್ಖಾನೆ, ಗಣಿಯಂಥ ಯೋಜನೆಗೆ ಪರಿಸರ ಅನುಮತಿ ಕೊಡುವ ಮುನ್ನ ಸುತ್ತಲಿನ ಜನರ ಮಾತು ಕೇಳುವ ‘ಪಬ್ಲಿಕ್ ಹಿಯರಿಂಗ್’ಗೆ ಪತ್ರಿಕೆಗಳಲ್ಲಿ ‘ಸಾರ್ವಜನಿಕ ಅಹವಾಲು ಸಭೆ’ ಎಂಬುದು ರೂಢಿಯಾಗಿಬಿಟ್ಟಿದೆ. ಈ ಪದ ಜನರನ್ನು ದಾರಿ ತಪ್ಪಿಸುತ್ತಿದೆ ಅನ್ನಿಸುತ್ತದೆ.

ಬಾಗಲಕೋಟೆ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಯೊಂದರ ವಿಸ್ತರಣೆಗೆಂದು ಕರೆದ ಇಂಥ ಸಭೆಗೆ ಒಬ್ಬ ಅಜ್ಜಿ ಪಿಂಚಣಿ ಅರ್ಜಿ, ಆಧಾರ್ ಝೆರಾಕ್ಸ್ ಹಿಡಿದು ಬಂದಿದ್ದಳು. ‘ಸಾಹೇಬ್ರು ಅಹವಾಲು ಕೇಳ್ತಾರಂತ ಹೇಳಿದ್ರಲ್ರಿ’ ಎಂದಳು. ಪದವನ್ನು ಆಕೆ ಸರಿಯಾಗಿಯೇ ತಿಳಿದುಕೊಂಡಿದ್ದಳು. ಕನ್ನಡದಲ್ಲಿ ಅಹವಾಲು ಎಂದರೆ ಮೇಲಿನವರ ಮುಂದೆ ಕೆಳಗಿನವರು ತೋಡಿಕೊಳ್ಳುವ ಕಷ್ಟ. ಮೂಲ ಅರಬ್ಬಿಯಲ್ಲಿ ಅದು ‘ಹಾಲ್’ ಎಂಬುದರ ಬಹುವಚನ, ಸ್ಥಿತಿಗತಿ ಎಂದಷ್ಟೇ ಅರ್ಥ. ಮರಾಠಿಯಲ್ಲಿ ‘ಅಹವಾಲ’ ಎಂದರೆ ವರದಿ. ಹಾಗಾಗಿ ಎರಡೂ ಭಾಷೆ ಆಡುವ ನಿಪ್ಪಾಣಿ, ಖಾನಾಪುರದ ಕಡೆ ಗೊಂದಲ ಇಮ್ಮಡಿ.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಭೆ ನಡೆಸುವ ಅಧಿಕಾರಿ ಅಲ್ಲಿ ಏನನ್ನೂ ಮಂಜೂರು ಮಾಡುವುದಿಲ್ಲ. ಜನ ಎತ್ತಿದ ಮುಖ್ಯ ಆಕ್ಷೇಪಗಳಿಗೆ ಕಂಪನಿ ಪರಿಸರ ಪರಿಣಾಮದ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು. ಸಭೆಗೆ ಬರಲಾಗದವರು ಬರೆದೂ ಕಳಿಸಬಹುದು. ಸಭೆ, ಬರೆದು ಕಳಿಸುವುದು ಎರಡೂ ಸೇರಿದ್ದಕ್ಕೆ ಇಂಗ್ಲಿಷಿನಲ್ಲಿ ‘ಕನ್ಸಲ್ಟೇಶನ್’ ಎಂದು ಬೇರೆ ಹೆಸರಿದೆ. ನಮ್ಮ ವರದಿಗಳಲ್ಲಿ ಎರಡೂ ಒಂದೇ ಆಗಿ, ಬರೆದು ಕಳಿಸುವ ಹಕ್ಕು ಕಣ್ಣಿಗೇ ಬೀಳುವುದಿಲ್ಲ.

ಕೀಟ ತಡೆಯಲೆಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬಿಟಿ ಬದನೆಯನ್ನೇ ನೋಡಿ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಆ ಜೀನ್ ಸೇರಿಸಿದ ತಳಿಗಳಲ್ಲಿ ನಮ್ಮ ‘ಕುಡಚಿ ಲೋಕಲ್’ ಕೂಡ ಇತ್ತು. 2010ರಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಜನರ ಮಾತು ಕೇಳಿ, ಫೆಬ್ರುವರಿ 9ರಂದು ಅದಕ್ಕೆ ತಡೆ ಹಾಕಿದರು. ಇಂಥ ಕಡೆ ಕುಡಚಿಯ ರೈತ ಅಹವಾಲು ಸಲ್ಲಿಸಬೇಕಾಗಿಲ್ಲ. ಬೀಜ ಅವನದು, ತೀರ್ಮಾನದಲ್ಲಿ ಅವನಿಗೂ ಪಾಲಿರಬೇಕು.

ಹಾಗಾದರೆ ಯಾವ ಪದ? ‘ಆಲಿಕೆ’ ಕೇಳಿಸಿಕೊಳ್ಳುವವರ ಕಡೆಯದು. ‘ಸಮಾಲೋಚನೆ’ ಎಂದರೆ ಆಸ್ಪತ್ರೆಯ ಆಪ್ತ ಸಮಾಲೋಚಕರು ನೆನಪಾಗುತ್ತಾರೆ. ‘ಸಹಭಾಗಿತ್ವ’ ಟೆಂಡರ್ ಭಾಷೆಗೆ ಹೋಗಿಬಿಟ್ಟಿದೆ. ನಮ್ಮ ಕಡೆ ‘ದೈವ ಕೂಡಿಸಿ ಕೇಳೋದು’ ಅನ್ನುತ್ತೇವೆ, ದೈವ ಅಂದರೆ ನೆರೆದ ಊರಮಂದಿ. ನನಗೆ ಬಹಳ ಹಿಡಿಸಿದ ಮಾತು, ಆದರೆ ಮೈಸೂರು ಕಡೆಯ ಓದುಗರಿಗೆ ಅದು ದೇವರೇ.

ಸದ್ಯಕ್ಕೆ ಸಭೆಗೆ ‘ಜನಾಭಿಪ್ರಾಯ ಸಭೆ’ ಎಂದು ಬರೆಯುತ್ತಿದ್ದೇನೆ. ಬರೆದು ಕಳಿಸುವುದೂ ಸೇರಿದ ಇಡೀ ಪ್ರಕ್ರಿಯೆಗೆ ಪದ ಸಿಕ್ಕಿಲ್ಲ. ನಿಮ್ಮ ಕಡೆ ಆಡುಮಾತಿನಲ್ಲಿ ಏನಿದೆ, ತಿಳಿಸಿ.