ಕಂಕಣ ಗ್ರಹಣ ಕಂಡವರು ಖಗ್ರಾಸಕ್ಕಾಗಿ ಜಿದ್ದಾದವರೆಗೆ ಹೋಗಬೇಕೇ?

ಪ್ರಶ್ನೆ: ಕಂಕನಾಡಿಯವ

2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ ಸೂರ್ಯಗ್ರಹಣ ಕಂಡಾಗ ನಾನು ಮನೆಯಂಗಳದಲ್ಲಿದ್ದೆ. ಬೆಳಿಗ್ಗೆ 9.25ರ ಸುಮಾರಿಗೆ, ಬೋಂಡ ಕರಿಯುವ ತೂತಿನ ಸೌಟನ್ನು ಬಿಸಿಲಿಗೆ ಹಿಡಿದರೆ ಸಿಮೆಂಟಿನ ನೆಲದ ಮೇಲೆ ಹತ್ತಾರು ಪುಟ್ಟ ಬಳೆಗಳು ಮೂಡಿದ್ದವು. ದೃಶ್ಯವೇನೋ ಚೆಂದವಿತ್ತು, ಆದರೆ ಬಿಸಿಲು ತುಸು ಮಂಕಾದದ್ದು ಬಿಟ್ಟರೆ ಹಗಲು ಹಗಲಾಗಿಯೇ ಉಳಿಯಿತು, ಪಕ್ಕದ ಮನೆಯ ಕೋಳಿಯೂ ತಲೆಕೆಡಿಸಿಕೊಳ್ಳಲಿಲ್ಲ. 2027ರ ಆಗಸ್ಟ್ 2ರ ಖಗ್ರಾಸ, ಅಂದರೆ ಸೂರ್ಯ ಪೂರ್ತಿ ಮರೆಯಾಗುವ, ಗ್ರಹಣದ ನೆರಳು ಹಾಯುವ ಪಥದಲ್ಲಿ ಸೌದಿ ಅರೇಬಿಯಾದ ಜಿದ್ದಾ ಬರುತ್ತದೆ ಎಂದು ಅಲ್ಲಿ ಕೆಲಸದಲ್ಲಿರುವ ನನ್ನ ಅಣ್ಣ ಈಗಿನಿಂದಲೇ ಕರೆಯುತ್ತಿದ್ದಾನೆ. ಸೂರ್ಯನ ಶೇಕಡಾ 90ಕ್ಕೂ ಹೆಚ್ಚು ಭಾಗ ಮರೆಯಾದದ್ದನ್ನು ನೋಡಿಯಾಗಿರುವಾಗ, ಉಳಿದ ಚೂರು ಮರೆಯಾಗುವುದನ್ನು ನೋಡಲು ಇಷ್ಟು ಖರ್ಚು ಮಾಡಬೇಕೇ ಎಂಬುದು ನನ್ನ ಸಂಶಯ. ಖಗ್ರಾಸವನ್ನು ಕಣ್ಣಾರೆ ಕಂಡವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಉಡುಪಿಯ ನಿವೃತ್ತ ಅಧ್ಯಾಪಕ

ಆ ಚೂರಿನಲ್ಲಿಯೇ ಎಲ್ಲವೂ ಇದೆ. ಸೂರ್ಯನ ಪ್ರಭಾವಲಯವು, ಅಂದರೆ ಕರೋನಾ, ಸೂರ್ಯಬಿಂಬಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂಕಾದದ್ದು. ಹುಣ್ಣಿಮೆಯ ಚಂದ್ರನಷ್ಟೇ ಅದರ ಬೆಳಕು. ಬಿಂಬದ ನೂರರಲ್ಲಿ ಒಂದು ಪಾಲು ಹೊರಗುಳಿದರೂ ಅದು ಕಾಣುವುದಿಲ್ಲ. ಕಂಕಣದಲ್ಲಿ ಚಂದ್ರ ದೂರದಲ್ಲಿದ್ದು ಚಿಕ್ಕದಾಗಿ ಕಾಣುವುದರಿಂದ ಬಿಂಬ ಪೂರ್ತಿ ಮುಚ್ಚುವುದೇ ಇಲ್ಲ. ನೀವು ನೋಡಿದ್ದು ಒಳ್ಳೆಯ ಗ್ರಹಣವೇ, ಆದರೆ ಜಾತಿಯೇ ಬೇರೆ.

ನಾನು 1980ರ ಫೆಬ್ರುವರಿ 16ರ ಖಗ್ರಾಸವನ್ನು ಅಂಕೋಲೆಯ ಕಡಲ ದಂಡೆಯಲ್ಲಿ ನೋಡಿದೆ. ಅಂದಿನ ಪಥ ಅರಬ್ಬೀ ಸಮುದ್ರದಿಂದ ಅಲ್ಲಿಗೆ ಹತ್ತಿ ಹುಬ್ಬಳ್ಳಿ, ರಾಯಚೂರುಗಳ ಕಡೆಯಿಂದ ಪೂರ್ವಕ್ಕೆ ಸಾಗಿತ್ತು. ಉಡುಪಿ, ಮಂಗಳೂರುಗಳಿಗೆ ಸಿಕ್ಕಿದ್ದು ಪಾರ್ಶ್ವ ಗ್ರಹಣ ಮಾತ್ರ. ಮನೆಯಲ್ಲಿ ಅಜ್ಜಿ ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಟ್ಟು ಬಾಗಿಲು ಹಾಕಿಕೊಳ್ಳುವ ಮೊದಲೇ, ಗೆಳೆಯನ ಮದುವೆಯ ನೆಪ ಹೇಳಿ ಬಸ್ಸು ಹತ್ತಿದ್ದೆ. (ಗ್ರಹಣದ ದಿನ ಮದುವೆ ಎಂದರೆ ನಂಬುವವರುಂಟೇ? ಅಜ್ಜಿ ನಂಬಿದಂತೆ ನಟಿಸಿದರು ಎಂದು ಈಗ ಅನಿಸುತ್ತದೆ.) ಮಧ್ಯಾಹ್ನ ಮೂರೂವರೆ ದಾಟಿದಾಗ ಮರಳಿನ ಬಣ್ಣ ಬೂದಿಯಾಗತೊಡಗಿತು, ನಮ್ಮ ನೆರಳುಗಳ ಅಂಚು ಬ್ಲೇಡಿನಿಂದ ಕತ್ತರಿಸಿದಷ್ಟು ಚೂಪಾಯಿತು. ಪಡುವಣದಲ್ಲಿ, ನೀರಿನ ಮೇಲಿಂದ, ಆಷಾಢದ ಮಳೆ ಬರುವ ಹಾಗೆ ಕತ್ತಲೆ ಬಂತು. ವ್ಯತ್ಯಾಸವೆಂದರೆ ಮಳೆಗೆ ಸದ್ದಿರುತ್ತದೆ, ಇದಕ್ಕೆ ಇರಲಿಲ್ಲ. ಕೊನೆಯ ಬೆಳಕು ವಜ್ರದ ಹರಳಿನಂತೆ ಒಂದೇ ಕಡೆ ಮಿಂಚಿ ಆರಿದೊಡನೆ, ಕಪ್ಪು ತಟ್ಟೆಯ ಸುತ್ತ ಬಿಳಿಯ ನಾರುಗಳು ಬಿಚ್ಚಿಕೊಂಡವು. ಶುಕ್ರ ಹೊಳೆಯುತ್ತಿತ್ತು. ಬೆಳ್ಳಕ್ಕಿಗಳ ಒಂದು ಸಾಲು ಗೂಡಿನ ಕಡೆ ಹೊರಟಿತು. ಎರಡೂವರೆ ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಇದ್ದ ಆ ನೋಟದಲ್ಲಿ, ನಿಜ ಹೇಳಬೇಕೆಂದರೆ, ನನಗೆ ಮೊದಲು ಆದದ್ದು ಸಂತೋಷವಲ್ಲ, ಭಯ. ಕಾರಣವನ್ನೆಲ್ಲ ಬಲ್ಲ ವಿಜ್ಞಾನದ ವಿದ್ಯಾರ್ಥಿಯಾಗಿದ್ದೂ ಮೊಣಕಾಲು ನಡುಗಿತು. ಅಜ್ಜಿ ಬಾಗಿಲು ಹಾಕಿಕೊಂಡದ್ದನ್ನು ಆಮೇಲೆ ನಾನು ಹಾಸ್ಯ ಮಾಡಿಲ್ಲ.

ಹೋಗಿ ಬನ್ನಿ.

ಉತ್ತರ: ಕದ್ರಿಯಿಂದ ಒಬ್ಬ ತಾಯಿ

ಮಗಳ ಮನೆಗೆಂದು ಹೋಗಿದ್ದಾಗ 2024ರ ಏಪ್ರಿಲ್ 8ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಾನೂ ನೋಡಿದೆ. ಬಿಂಬದ ಕೆಳ ಅಂಚಿನಲ್ಲಿ ದಾಳಿಂಬೆ ಕಾಳಿನಂಥ ಗುಲಾಬಿ ಚುಕ್ಕೆಯೊಂದು ಬರಿಗಣ್ಣಿಗೇ ಕಾಣುತ್ತಿತ್ತು. ಅದು ಸೂರ್ಯನಿಂದ ಚಾಚಿಕೊಂಡ ಅನಿಲದ ಜ್ವಾಲೆ ಎಂದು ಅಳಿಯ ಹೇಳಿದರು. ನನ್ನ ತಪ್ಪೊಂದನ್ನು ನೀವು ಮಾಡಬೇಡಿ: ಮೊಬೈಲಿನಲ್ಲಿ ಚಿತ್ರ ತೆಗೆಯಲು ಹೋಗಿ ಮೊದಲ ಒಂದು ನಿಮಿಷವನ್ನು ಕಳೆದುಕೊಂಡೆ, ಸಿಕ್ಕಿದ್ದು ಒಂದು ಬಿಳಿ ಮಚ್ಚೆ. ಪಾರ್ಶ್ವ ಹಂತದುದ್ದಕ್ಕೂ ಐಎಸ್ಒ 12312-2 ಎಂಬ ಸುರಕ್ಷತಾ ಗುಣಮಟ್ಟದ ಗುರುತಿನ ಗ್ರಹಣ ಕನ್ನಡಕ ಬೇಕೇ ಬೇಕು, ಎಕ್ಸ್-ರೇ ಫಿಲ್ಮು ಸಲ್ಲದು. ಪೂರ್ತಿ ಮುಚ್ಚಿದ ಮೇಲೆ ಮಾತ್ರ ಕನ್ನಡಕ ತೆಗೆಯಬೇಕು. ತೆಗೆಯದಿದ್ದರೆ ಏನೂ ಕಾಣದು. ಅಂಚಿನಲ್ಲಿ ಬೆಳಕು ಮತ್ತೆ ಮಿಂಚಿದೊಡನೆ ಹಾಕಿಕೊಳ್ಳಬೇಕು.

ಜಿದ್ದಾದಲ್ಲಿ ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಸುಮಾರು 6 ನಿಮಿಷ ಖಗ್ರಾಸವಿರುತ್ತದೆ. ನಮಗೆ ಸಿಕ್ಕಿದ್ದು 4 ನಿಮಿಷಕ್ಕೂ ಕಡಿಮೆ. ಅದೇ ದಿನ ಸಂಜೆ ಮಂಗಳೂರಿನಲ್ಲಿಯೂ ಪಾರ್ಶ್ವ ಗ್ರಹಣವಿದೆ, ಆದರೆ ಮಳೆಗಾಲದ ಆಟಿ ತಿಂಗಳ ಮೋಡದಲ್ಲಿ ಯಾರಿಗೆ ಕಂಡೀತು? ಭಾರತದ ನೆಲದಲ್ಲಿಯೇ ಖಗ್ರಾಸ ನೋಡಬೇಕೆಂದರೆ 2034ರ ಮಾರ್ಚ್ 20ರವರೆಗೆ ಕಾದು ಹಿಮಾಲಯದ ತುದಿಗೆ ಹೋಗಬೇಕು.

ಕಂಕನಾಡಿಯವ

ಇಬ್ಬರಿಗೂ ಕೃತಜ್ಞತೆಗಳು. ಅಣ್ಣನಿಗೆ ಬರುತ್ತೇನೆಂದು ತಿಳಿಸಿದ್ದೇನೆ. 2019ರಲ್ಲಿ ಕೋಣೆಯಿಂದ ಹೊರಗೆ ಬಾರದಿದ್ದ ಅಮ್ಮ ನಿಮ್ಮ ಉತ್ತರಗಳನ್ನು ಓದಿಸಿಕೊಂಡು ಕೇಳಿ, ತಾನೂ ಬರುವುದಾಗಿ ಹೇಳುತ್ತಿದ್ದಾರೆ. ಸಮುದ್ರದಾಚೆಯ ಊರಿನಲ್ಲಿ ಗ್ರಹಣ ಹಿಡಿದರೆ ಊಟ ಬಿಡಬೇಕಾದದ್ದು ಅಲ್ಲಿಯ ಗಂಟೆಗೋ ಮಂಗಳೂರಿನ ಗಂಟೆಗೋ ಎಂಬುದೊಂದೇ ಅವರಿಗೀಗ ಉಳಿದಿರುವ ಚಿಂತೆ.

ಉಡುಪಿಯ ನಿವೃತ್ತ ಅಧ್ಯಾಪಕ

ಅಲ್ಲಿಯ ಗಂಟೆಗೇ ಎಂದು ಹೇಳಿ. ಬೆಳಗಿನ ತಿಂಡಿ ಗಟ್ಟಿಯಾಗಿರಲಿ.