5 ತಿಂಗಳ ಲ್ಯಾಬ್ ಮರೀನ ದಿನಾ ಎಷ್ಟು ಓಡಾಡಿಸಬಹುದು? ಮಲಗಿ ಎದ್ದಾಗ ಕುಂಟ್ತಿದೆ

ದಾವಣಗೆರೆ ಹುಡುಗ:
ಎಲ್ರಿಗೂ ನಮಸ್ಕಾರ. ನಮ್ಮಕ್ಕ ಬಾವ ಎರಡು ತಿಂಗಳು ಮಸ್ಕತ್‌ಗೆ ಹೋಗಿದಾರೆ, ಅವರ ಲ್ಯಾಬ್ರಡಾರ್ ಮರಿ ಬ್ರೂನೋ ಈಗ ನನ್ ಹತ್ರ ಇದೆ. ಐದು ತಿಂಗಳು ತುಂಬಿದೆ, ತೂಕ 17 ಕೆಜಿ. ಮನೇಲಿ ಚಪ್ಪಲಿ ಕಚ್ಚೋದು, ದಿಂಬು ಹರಿಯೋದು ಜಾಸ್ತಿ ಆಗಿತ್ತು, ಸುಸ್ತಾದ್ರೆ ಸುಮ್ನಿರುತ್ತೆ ಅಂತ ನಾನು ಬೆಳಿಗ್ಗೆ ಜಾಗಿಂಗ್ ಹೋಗುವಾಗ ಇದನ್ನೂ ಕರ್ಕೊಂಡು ಹೋಗೋಕೆ ಶುರು ಮಾಡ್ದೆ, ದಿನಾ 4 ಕಿಮೀ, ಟಾರ್ ರೋಡಲ್ಲೇ, ಹತ್ತು ದಿನ ಆಯ್ತು. ಖುಷಿಯಾಗೇ ಓಡುತ್ತೆ, ಒಂದಿನಾನೂ ಹಿಂದೆ ಬಿದ್ದಿಲ್ಲ. ಆದ್ರೆ ಮೂರು ದಿನದಿಂದ ಮಲಗಿ ಎದ್ದಾಗ ಮುಂದಿನ ಎಡಗಾಲು ಪೂರ್ತಿ ಊರಲ್ಲ, ಬೆರಳ ತುದಿ ಮಾತ್ರ ನೆಲಕ್ಕೆ ಮುಟ್ಸಿ ನಾಲ್ಕೈದು ಹೆಜ್ಜೆ ಕುಂಟುತ್ತೆ, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಥರ ಓಡಾಡುತ್ತೆ. ಅಕ್ಕಂಗೆ ಇನ್ನೂ ಹೇಳಿಲ್ಲ, ನನ್ನ ನಂಬಿ ಬಿಟ್ಟೋಗಿದಾಳೆ, ತುಂಬಾ ಭಯ ಆಗ್ತಿದೆ. ಎಷ್ಟು ದೂರ ನಡೆಸಿದ್ರೆ ಸೇಫ್? ಪಕ್ಕದ್ಮನೆಯವ್ರು ಕ್ಯಾಲ್ಸಿಯಂ ಸಿರಪ್ ಕೊಡು ಅಂತಿದಾರೆ, ಕೊಡ್ಲಾ?

ಮೈಸೂರಿನ ಗೃಹಿಣಿ:
ಮೊದಲು ಜಾಗಿಂಗ್ ಇವತ್ತೇ ನಿಲ್ಸಿಪ್ಪ. ಎರಡು ಲ್ಯಾಬ್ ಸಾಕಿದೀನಿ, ಅದಕ್ಕೆ ಹೇಳ್ತಿದೀನಿ. ಈ ವಯಸ್ಸಲ್ಲಿ ಕಾಲಿನ ಮೂಳೆ ತುದೀಲಿ ಗ್ರೋತ್ ಪ್ಲೇಟ್ ಅಂತ ಮೆತ್ತಗಿನ ಭಾಗ ಇರುತ್ತೆ, ಮೂಳೆ ಉದ್ದ ಬೆಳಿಯೋದೇ ಅಲ್ಲಿಂದ, ಅದು ಗಟ್ಟಿಯಾಗೋಕೆ ದೊಡ್ಡ ಜಾತಿ ನಾಯಿಗಳಲ್ಲಿ ಒಂದು ವರ್ಷ ದಾಟುತ್ತೆ, ಕೆಲವಕ್ಕೆ ಒಂದೂವರೆ ವರ್ಷನೂ ಆಗುತ್ತೆ. ಅಲ್ಲೀವರೆಗೂ ಗಟ್ಟಿ ನೆಲದ ಮೇಲೆ ಒಂದೇ ಸಮ ಓಡಿಸೋದು, ಎತ್ತರದಿಂದ ಹಾರಿಸೋದು ಬೇಡ. ಸ್ಕೂಟರ್ ಮುಂದೆ ನಿಲ್ಸ್ಕೊಂಡು ಹೋಗಿ ಅಲ್ಲಿಂದ ದುಮುಕೋಕೆ ಬಿಡೋದೂ ಬೇಡ, ಎತ್ತಿ ಇಳಿಸ್ಬೇಕು. ಕುಂಟೋದಕ್ಕೆ ಬೇರೆ ಕಾರಣಾನೂ ಇರಬಹುದು, ಬೆಳಿಯೋ ದೊಡ್ಡ ಮರಿಗಳಿಗೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಓಡಾಡೋ ಎಲುಬಿನ ನೋವು ಬರುತ್ತೆ, ಮೊಣಕೈ ಕೀಲಿನ ತೊಂದರೆನೂ ಇರುತ್ತೆ. ಮೂರು ದಿನ ಆಗಿದೆ ಅಂದ್ರೆ ಡಾಕ್ಟ್ರಿಗೆ ತೋರಿಸ್ಲೇಬೇಕು. ಅಲ್ಲೀವರೆಗೂ ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಯಾವ್ದೂ ಕೊಡ್ಬೇಡ, ನಾಯಿಗೆ ವಿಷ ಆಗಬಹುದು. ಕ್ಯಾಲ್ಸಿಯಂನೂ ಬೇಡ. ಪಪ್ಪಿ ಫುಡ್ಡಲ್ಲಿ ಬೇಕಾದಷ್ಟು ಇರುತ್ತೆ, ಮೇಲೆ ಇನ್ನಷ್ಟು ಸುರಿದ್ರೆ ದೊಡ್ಡ ಜಾತಿ ಮರಿಗಳ ಮೂಳೆ ಬೆಳವಣಿಗೆನೇ ಕೆಡುತ್ತೆ. ಮನೆ ಊಟ ಹಾಕ್ತಿದ್ರೆ ಅದನ್ನೂ ಡಾಕ್ಟ್ರನ್ನೇ ಕೇಳು.
ಎಷ್ಟು ಹೊತ್ತು ಅಂದ್ರೆ, ವಯಸ್ಸಿನ ಒಂದೊಂದು ತಿಂಗಳಿಗೆ 5 ನಿಮಿಷದ ಲೆಕ್ಕ ಹೇಳ್ತಾರೆ, ಅಂದ್ರೆ ನಿಮ್ಮದಕ್ಕೆ ಒಂದ್ಸಲಕ್ಕೆ 25 ನಿಮಿಷ, ದಿನಕ್ಕೆರಡು ಸಲ. ಆದ್ರೆ ಕುಂಟೋದು ನಿಲ್ಲೋವರೆಗೂ ಉಚ್ಚೆ ಕಕ್ಕಕ್ಕೆ ಮಾತ್ರ ಹೊರಗೆ.

ಕ್ಲಿನಿಕ್ ಅಸಿಸ್ಟೆಂಟ್, ಶಿವಮೊಗ್ಗ:
ಮೇಡಂ ಹೇಳಿದ್ದು ಸರಿ, ಆ 5 ನಿಮಿಷದ ಲೆಕ್ಕದ ಬಗ್ಗೆ ಮಾತ್ರ ಒಂದ್ಮಾತು. ಅದು ಬಾಯಿಂದ ಬಾಯಿಗೆ ಬಂದಿರೋ ಅಂದಾಜು, ಪರೀಕ್ಷೆ ಮಾಡಿ ಕಂಡುಕೊಂಡಿದ್ದಲ್ಲ. ನಾರ್ವೆಯಲ್ಲಿ ಲ್ಯಾಬ್ರಡಾರ್ ಸೇರಿ ನಾಲ್ಕು ದೊಡ್ಡ ಜಾತಿ ಮರಿಗಳನ್ನ ವರ್ಷಗಟ್ಟಲೆ ಗಮನಿಸಿದ ಸ್ಟಡಿ 2012ರಲ್ಲಿ ಬಂತು, ಅದ್ರಲ್ಲಿ ಮೂರು ತಿಂಗಳೊಳಗೆ ದಿನಾ ಮೆಟ್ಲು ಹತ್ತಿಳಿದ ಮರಿಗಳಿಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ ಕಂಡಿತ್ತು, ಮೆತ್ತಗಿನ ಏರುತಗ್ಗಿನ ನೆಲದಲ್ಲಿ ಬಿಡುವಾಗಿ ಓಡಾಡ್ಕೊಂಡಿದ್ದವಕ್ಕೆ ಕಮ್ಮಿ. ಅಂದ್ರೆ ಎಷ್ಟು ನಿಮಿಷ ಅನ್ನೋದಕ್ಕಿಂತ ಯಾವ ನೆಲ, ಯಾರ ಸ್ಪೀಡು ಅನ್ನೋದು ಮುಖ್ಯ. ಹಂಗಂತ ಕಟ್ಟಿಹಾಕೋದೂ ತಪ್ಪು. ಮನೇಲಿ ಜಾರೋ ಟೈಲ್ಸ್ ಇದ್ರೆ ಅದು ಓಡಾಡೋ ಕಡೆ ಹಳೇ ಚಾಪೆ ಹಾಸಿ.

ಬಾಗಲಕೋಟ ರೈತ:
ತಮ್ಮಾ, ನಮ್ಮನ್ಯಾಗ ಮುಧೋಳ ನಾಯಿ ಅದಾವ. ಓಡಾಕಂತ ಹುಟ್ಟಿದ ಜಾತಿ ಅದು, ಆದ್ರೂ ವರ್ಷ ತುಂಬೂತನಕ ಗಾಡಿ ಹಿಂದ ಓಡಸಂಗಿಲ್ಲ ನಾವು. ಹೊಲದಾಗ ಬಿಡತೀವಿ, ತನಗ ಬೇಕಾದಷ್ಟು ಓಡತೈತಿ, ಸಾಕಾತಂದ್ರ ಬೇವಿನ ಗಿಡದ ನೆಳ್ಳಾಗ ಬಂದು ಹೊಟ್ಟಿ ನೆಲಕ್ಕ ಹಚ್ಚಿ ಮಲಗತೈತಿ. ನೀ ಬೆಲ್ಟ್ ಹಿಡದು ಮುಂದ ಓಡಿದ್ರ ಅದಕ್ಕ ನಿಲ್ಲಾಕ ಎಲ್ಲೈತಿ ದಾರಿ? ಕಾಲು ನೋವಾದ್ರೂ ನಿನ್ನ ಬಿಟ್ಟು ಇರಂಗಿಲ್ಲ ಅದು, ಹಿಂದ ಬಂದ ಬರತೈತಿ.

ಬಳ್ಳಾರಿ ಅಕ್ಕ:
ಬಿಸಿಲಿನ ವಿಷ್ಯ ಯಾರೂ ಹೇಳ್ಲಿಲ್ಲ. ಈಗ ಏಪ್ರಿಲ್, ಅಂಗೈ ಹಿಂಭಾಗ ರೋಡಿಗೆ ಇಟ್ಟು ಏಳರವರೆಗೂ ಎಣಿಸಿ, ಇಡೋಕೆ ಆಗ್ಲಿಲ್ಲ ಅಂದ್ರೆ ಅದರ ಪಾದಕ್ಕೂ ಆಗಲ್ಲ. ಬೆಳಿಗ್ಗೆ ಆರರೊಳಗೆ, ಸಂಜೆ ನೆಲ ಆರಿದ್ಮೇಲೆ ಮಾತ್ರ. ನಾಲಿಗೆ ಅಗಲವಾಗಿ ಹೊರಗೆ ಬಿಟ್ಟು ಒಂದೇ ಸಮ ತೇಕ್ತಿದ್ರೆ, ಜೊಲ್ಲು ಅಂಟಂಟಾಗಿ ವಸಡು ಕಡುಕೆಂಪಾದ್ರೆ, ತೂರಾಡಿದ್ರೆ ತಕ್ಷಣ ನೆರಳಿಗೆ ತಂದು ಮೈಗೆಲ್ಲಾ ನೀರು ಹಾಕಿ, ಗಾಳಿ ಹಾಕ್ತಾ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ದಾವಣಗೆರೆ ಹುಡುಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತು ತೋರಿಸ್ಕೊಂಡು ಬಂದೆ, ಎಕ್ಸ್‌ರೇನೂ ಆಯ್ತು, ಮುರಿದಿಲ್ಲ. ಓಡಿಸಿದ್ದು ಜಾಸ್ತಿ ಆಗಿದೆ, ಎರಡು ವಾರ ರೆಸ್ಟ್ ಅಂದ್ರು, ಆಮೇಲೆ ಇನ್ನೊಂದ್ಸಲ ಕರ್ಕೊಂಡು ಬಾ ಅಂದಿದಾರೆ. ಓಡಿಸೋ ಬದಲು ಮುದ್ದೆ ಉಂಡೆ ಕಟ್ಟಿ ಹಳೇ ಟವೆಲ್ಲಲ್ಲಿ ಸುತ್ತಿ ಬಚ್ಚಿಟ್ಟೆ, ಮೂಸಿ ಮೂಸಿ ಹುಡುಕಿ ಬಿಚ್ಚೋಕೆ ಕಾಲು ಗಂಟೆ ತಗೊಳ್ತು, ಆಮೇಲೆ ಓಡಿದ ದಿನಕ್ಕಿಂತ ಚೆನ್ನಾಗಿ ನಿದ್ದೆ ಮಾಡ್ತು, ಚಪ್ಪಲಿ ತಂಟೆಗೆ ಹೋಗ್ಲಿಲ್ಲ. ಅಕ್ಕಂಗೆ ಫೋನ್ ಮಾಡಿ ಎಲ್ಲಾ ಹೇಳ್ದೆ. ಬೈಲಿಲ್ಲ, ಅದು ಎದ್ದು ನಡಿಯೋದನ್ನ ದಿನಾ ಬೆಳಿಗ್ಗೆ ವಿಡಿಯೋ ಮಾಡಿ ಕಳ್ಸು ಅಂದಿದಾಳೆ.