ಮೂರನೆಯ ಸುತ್ತಿನಲ್ಲಿ ಕೈಯೂ ಸೋತಿತು, ಬ್ರೇಕೂ ಸೋತಿತು: ತಪ್ಪು ಎಲ್ಲಿ?

ಹೊಸಸವಾರ:

ಎಲ್ಲರಿಗೂ ನಮಸ್ಕಾರ. ನಾನು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿರುವವನು. ಮೌಂಟನ್ ಬೈಕ್ ಹಿಡಿದು ಒಂದೂವರೆ ವರ್ಷವಾಯಿತು. ಕಳೆದ ಶನಿವಾರ ನಾವು ನಾಲ್ವರು ಗೆಳೆಯರು ಸಾಂತಾ ಕ್ರೂಜ್ ಬೆಟ್ಟಗಳ ಸೊಕೆಲ್ ಡೆಮಾನ್‌ಸ್ಟ್ರೇಷನ್ ಸ್ಟೇಟ್ ಫಾರೆಸ್ಟ್‌ಗೆ, ಅಂದರೆ ಇಲ್ಲಿನ ಸವಾರರು ಚಿಕ್ಕದಾಗಿ ‘ಡೆಮೊ’ ಎನ್ನುವ ಕಾಡಿಗೆ, ಇಡೀ ದಿನವನ್ನು ಮೀಸಲಿಟ್ಟು ಹೋಗಿದ್ದೆವು. ಫ್ಲೋ ಟ್ರೇಲ್‌ನಲ್ಲಿ ಮೂರು ಸುತ್ತು ಹೊಡೆಯುವುದು ನಮ್ಮ ಲೆಕ್ಕಾಚಾರವಾಗಿತ್ತು. ಆ ಕಡೆ ಹೋಗದವರಿಗಾಗಿ ಒಂದು ಮಾತು ಹೇಳುತ್ತೇನೆ: ಸ್ವಯಂಸೇವಕರ ದುಡಿಮೆಯಿಂದ 2015ರಲ್ಲಿ ಪೂರ್ಣಗೊಂಡ ಈ ಹಾದಿ ರೆಡ್‌ವುಡ್ ಮರಗಳ ನಡುವೆ ಸುಮಾರು ನಾಲ್ಕು ಮೈಲಿ ಇಳಿಯುತ್ತದೆ, ತಿರುವುಗಳ ಹೊರಬದಿಗೆ ಮಣ್ಣಿನ ಒಡ್ಡು ಕಟ್ಟಿರುವುದರಿಂದ ಸೈಕಲ್ಲು ವಾಲಿಕೊಂಡು ಸರಾಗವಾಗಿ ತಿರುಗುತ್ತದೆ, ನಡುನಡುವೆ ಅಲೆಯಂಥ ಉಬ್ಬುತಗ್ಗುಗಳು ಬರುತ್ತವೆ.

ಮೊದಲನೆಯ ಸುತ್ತು ಹಬ್ಬದಂತಿತ್ತು. ಎರಡನೆಯದರ ಕೊನೆಯಲ್ಲಿ ಮುಂಗೈ ಬಿಗಿಯತೊಡಗಿತು. ಮೂರನೆಯದರ ಅರ್ಧ ದಾಟುವಷ್ಟರಲ್ಲಿ ಮುಂಗೈ ಎರಡೂ ಕೊರಡಿನಂತಾಗಿ, ಹಿಡಿಯಿಂದ ಬೆರಳು ಬಿಡಿಸುವುದೇ ಕಷ್ಟವಾಯಿತು. ಅದೇ ಹೊತ್ತಿಗೆ ಮುಂದಿನ ಬ್ರೇಕ್‌ನ ಲಿವರ್ ಹೆಚ್ಚುಕಡಿಮೆ ಹ್ಯಾಂಡಲ್‌ಗೆ ತಾಗುವವರೆಗೆ ಒಳಗೆ ಹೋಯಿತು, ವೇಗ ಮಾತ್ರ ತಗ್ಗಲಿಲ್ಲ. ಒಂದು ಎಡತಿರುವಿನಲ್ಲಿ ಒಡ್ಡಿನ ಮೇಲಿನಿಂದ ಹಾರಿ ಪೊದೆಯೊಳಗೆ ಬಿದ್ದೆ. ಮೊಣಕೈ ತರಚಿತು, ಮಂಡಿ ಊದಿತು, ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ.

ನನ್ನ ತೂಕ 72 ಕಿಲೊ. ಸೈಕಲ್ಲಿನ ಮುಂದಿನ ಶಾಕ್ 150 ಮಿ.ಮೀ., ಬ್ರೇಕ್ ರೋಟರ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ) ಎರಡೂ 180 ಮಿ.ಮೀ., ಟೈರ್ ಟ್ಯೂಬ್‌ಲೆಸ್, ಗಾಳಿಯ ಒತ್ತಡ ಎರಡಕ್ಕೂ 32 ಪಿಎಸ್‌ಐ. ಗೆಳೆಯರಲ್ಲಿ ಒಬ್ಬಾತ ‘ನಿನ್ನ ಫಿಟ್‌ನೆಸ್ ಸಾಲದು, ಅಷ್ಟೇ’ ಎಂದು ತೀರ್ಪು ಕೊಟ್ಟಿದ್ದಾನೆ. ತಪ್ಪು ದೇಹದ್ದೋ, ಸೈಕಲ್ಲಿನದ್ದೋ, ಅಥವಾ ಒಂದೇ ದಿನ ಮೂರು ಸುತ್ತು ಎಂದು ಹೊರಟದ್ದೇ ತಪ್ಪೋ? ಇನ್ನು ಮೂರು ವಾರಕ್ಕೆ ಮತ್ತೆ ಹೋಗುವುದೆಂದು ಮಾತಾಗಿರುವುದರಿಂದ ಕೇಳುತ್ತಿದ್ದೇನೆ.

ಗ್ರೀಸ್‌ಕೈ:

ಮೊದಲು ಬ್ರೇಕ್‌ನ ವಿಷಯವನ್ನು ಮುಗಿಸಿಬಿಡೋಣ, ಏಕೆಂದರೆ ಉಳಿದದ್ದೆಲ್ಲ ಅಭ್ಯಾಸದಿಂದ ಸರಿಹೋದೀತು, ಇದು ಹೋಗದು. ಡಿಸ್ಕ್ ಬ್ರೇಕ್ ಬಿಸಿಯಾಗಿ ಕೈಕೊಡುವುದರಲ್ಲಿ ಎರಡು ಬಗೆ ಇದೆ, ಅವೆರಡನ್ನೂ ಲಿವರ್‌ನ ನಡೆಯಿಂದಲೇ ಗುರುತಿಸಬಹುದು. ಲಿವರ್ ಗಟ್ಟಿಯಾಗಿಯೇ ಇದ್ದು ಸೈಕಲ್ಲು ಮಾತ್ರ ನಿಲ್ಲದಿದ್ದರೆ ದೋಷ ಪ್ಯಾಡ್‌ನದ್ದು, ಅಂದರೆ ರೋಟರನ್ನು ಒತ್ತಿ ಹಿಡಿಯುವ ಬಿಲ್ಲೆಯದ್ದು. ಅದರ ಮುಖ ಕಾದು ಗಾಜಿನಂತೆ ನುಣುಪಾಗಿರುತ್ತದೆ, ಇಲ್ಲವೇ ಎಣ್ಣೆ ತಾಗಿರುತ್ತದೆ. ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೂ ಬಂದರೆ ದೋಷ ಕೊಳವೆಯೊಳಗಿನ ದ್ರವದ್ದು. ದ್ರವ ಕುದಿದು ಅದರಲ್ಲಿ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವವನ್ನು ಒತ್ತಿದರೆ ಅದು ಒತ್ತಡವನ್ನು ಮುಂದಕ್ಕೆ ದಾಟಿಸುತ್ತದೆ, ಗುಳ್ಳೆಯನ್ನು ಒತ್ತಿದರೆ ಅದು ಸುಮ್ಮನೆ ಕುಗ್ಗುತ್ತದೆ. ನಿಮಗಾದದ್ದು ಈ ಎರಡನೆಯದು.

ಬ್ರೇಕ್‌ಗೆ ತುಂಬುವ ದ್ರವದಲ್ಲಿ ಎರಡು ಜಾತಿ: ಡಾಟ್ ಮತ್ತು ಮಿನರಲ್ ಆಯಿಲ್. ಡಾಟ್ ದ್ರವವಾದರೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತ ಹೋಗುವುದರಿಂದ ವರ್ಷ ಕಳೆದಂತೆ ಅದರ ಕುದಿಯುವ ಬಿಂದು ಇಳಿಯುತ್ತದೆ. ಮಿನರಲ್ ಆಯಿಲ್ ತೇವ ಹೀರುವುದಿಲ್ಲ, ಆದರೆ ಹೇಗೋ ಒಳಸೇರಿದ ನೀರಿನ ಹನಿ ಬೇರೆಯಾಗಿಯೇ ಉಳಿದು ತಳಕ್ಕೆ, ಅಂದರೆ ಪ್ಯಾಡ್‌ಗಳನ್ನು ಹಿಡಿದಿರುವ, ಬಿಸಿ ಹೆಚ್ಚಿರುವ ಕ್ಯಾಲಿಪರ್‌ಗೇ ಇಳಿದು ಕೂರುತ್ತದೆ. ನಿಮ್ಮದರಲ್ಲಿ ಯಾವುದಿದೆ ಎಂಬುದನ್ನು ಲಿವರ್‌ನ ಮೇಲೆಯೇ ಬರೆದಿರುತ್ತಾರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಸೀಲ್‌ಗಳು ಹಾಳಾಗುತ್ತವೆ, ಇದನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತಿದ್ದೇನೆ. ಪ್ಯಾಡ್ ಎಷ್ಟು ಉಳಿದಿದೆ ಎಂದೂ ನೋಡಿ. ಪ್ಯಾಡ್ ಸವೆದು ತೆಳುವಾದಷ್ಟೂ ಬಿಸಿ ದ್ರವಕ್ಕೆ ಬೇಗ ದಾಟುತ್ತದೆ.

ಆದರೆ ಬ್ರೇಕ್ ಹೀಗೆ ಬೇಯಲು ಕಾರಣ ನೀವು ಇಳಿಜಾರಿನುದ್ದಕ್ಕೂ ಅದನ್ನು ಅರೆಬರೆ ಹಿಡಿದುಕೊಂಡೇ ಬಂದದ್ದು ಎಂದು ನನ್ನ ಅನುಮಾನ. ಒಡ್ಡಿಗೆ ಬರುವ ಮುನ್ನ, ಸೈಕಲ್ಲು ನೆಟ್ಟಗಿರುವಾಗಲೇ, ಎರಡೂ ಬ್ರೇಕ್‌ಗಳನ್ನು ಒಂದೊಂದು ಬೆರಳಿನಲ್ಲಿ ಬಲವಾಗಿ ಒತ್ತಿ, ತಿರುವಿನೊಳಗೆ ಬಿಟ್ಟುಬಿಡಿ; ಆ ಬಿಟ್ಟ ಹೊತ್ತಿನಲ್ಲಿ ರೋಟರ್‌ಗೂ ಮುಂಗೈಗೂ ಒಟ್ಟಿಗೇ ವಿರಾಮ ಸಿಗುತ್ತದೆ. ಗಾಳಿಯನ್ನು ಮುಂದೆ 22, ಹಿಂದೆ 25ರ ಆಸುಪಾಸಿಗೆ ಇಳಿಸಿ ನೋಡಿ. 32 ಹಾಕಿಕೊಂಡರೆ ದಾರಿಯ ಪ್ರತಿ ಬೇರೂ ನೇರವಾಗಿ ನಿಮ್ಮ ಅಂಗೈಗೆ ಬಡಿಯುತ್ತದೆ.

ಕೊನೆಯವಳು:

ಗ್ರೀಸ್‌ಕೈ ಅವರು ಬರೆದಿರುವುದರಲ್ಲಿ ತೆಗೆದುಹಾಕುವಂಥದ್ದೇನೂ ಇಲ್ಲ. ಆದರೂ ಹೊಸಸವಾರ ಅವರೇ, ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ: ನಾಲ್ವರಲ್ಲಿ ಕೊನೆಗೆ ಬಂದು ಸೇರುತ್ತಿದ್ದವರು ನೀವೇ ಅಲ್ಲವೇ?

ಎಂಟು ವರ್ಷದಿಂದ ನಮ್ಮ ಗುಂಪಿನಲ್ಲಿ ಆ ಸ್ಥಾನ ನನ್ನದಾದ್ದರಿಂದ ಹೇಳುತ್ತಿದ್ದೇನೆ. ಮುಂದೆ ಹೋದವರು ಇಳಿತದ ಆರಂಭಕ್ಕೆ ಒಯ್ಯುವ ಸಲ್ಫರ್ ಸ್ಪ್ರಿಂಗ್ಸ್ ರಸ್ತೆಯ ಏರು ಮುಗಿಸಿ ದಿಬ್ಬದ ಮೇಲೆ ಹತ್ತು ನಿಮಿಷ ಕುಳಿತಿರುತ್ತಾರೆ. ನೀರು ಕುಡಿದು, ಏನಾದರೂ ತಿಂದು, ಫೋಟೊ ತೆಗೆದುಕೊಂಡು, ಬೆವರು ಆರಿ ಚಳಿಯಾಗುವ ಹೊತ್ತಿಗೆ ಹಿಂದುಳಿದವರು ಏದುಸಿರು ಬಿಡುತ್ತ ತಲುಪುತ್ತಾರೆ. ‘ಬಂದ್ರಾ? ಸರಿ, ಹೊರಡೋಣ’ ಎನ್ನುತ್ತ ಅವರು ಹೆಲ್ಮೆಟ್‌ನ ಪಟ್ಟಿ ಬಿಗಿಯುತ್ತಾರೆ. ಅವರಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ, ನಿಜವಾಗಿಯೂ ಕಾದಿರುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ: ವಿಶ್ರಾಂತಿ ಕಡಿಮೆ ಬೇಕಾದವರಿಗೆ ಹೆಚ್ಚು ಸಿಕ್ಕಿತು, ಹೆಚ್ಚು ಬೇಕಾದವರಿಗೆ ಸಿಗಲೇ ಇಲ್ಲ. ತಡಮಾಡಿದೆನೆಂಬ ಸಂಕೋಚಕ್ಕೆ ಹಿಂದುಳಿದವರು ಬಾಯಿಬಿಟ್ಟು ‘ತಡೆಯಿರಿ’ ಎನ್ನುವುದೂ ಇಲ್ಲ. ಹೀಗೆ ಮೂರು ಸುತ್ತಾದರೆ, ಅವರು ಮೂರು ಸುತ್ತನ್ನು ಬಿಡಿಬಿಡಿಯಾಗಿ ಓಡಿಸಿರುತ್ತಾರೆ, ನೀವು ಮೂರನ್ನೂ ಒಂದೇ ಉಸಿರಿಗೆ ಓಡಿಸಿರುತ್ತೀರಿ.

ನಮ್ಮ ಗುಂಪಿನಲ್ಲಿ ಈಗ ಕೊನೆಯವರು ಬಂದ ಮೇಲೆಯೇ ಗಡಿಯಾರ ಆರಂಭವಾಗುತ್ತದೆ, ಮತ್ತು ‘ಹೊರಡೋಣ’ ಎಂಬ ಮಾತನ್ನು ಅವರೇ ಹೇಳಬೇಕು. ಈ ಕಟ್ಟಳೆಗೆ ಮೊದಮೊದಲು ಒಬ್ಬಿಬ್ಬರು ಗೊಣಗಿದ್ದರು.

ಇನ್ನು ಸುತ್ತುಗಳ ಸಂಖ್ಯೆ. ಡೆಮೊದಲ್ಲಿ ಇಳಿತ ಮುಗಿದರೆ ದಿನ ಮುಗಿಯುವುದಿಲ್ಲ ಎಂಬುದನ್ನು ಈಗ ನಿಮಗೆ ನಾನು ಹೇಳಬೇಕಿಲ್ಲ. ಫ್ಲೋ ಟ್ರೇಲ್ ನಿಮ್ಮನ್ನು ಬಿಡುವುದು ಕೆಳಗಿನ ಹೈನ್ಸ್ ಮಿಲ್ ರಸ್ತೆಯಲ್ಲಿ. ಕಾರು ಇರುವುದು ಹೈಲ್ಯಾಂಡ್ ವೇಯ ಬದಿಯಲ್ಲಿ. ನಡುವಿನ ಮಣ್ಣುರಸ್ತೆಯ ಬಹುಪಾಲು ಏರೇ. ಆದ್ದರಿಂದ ‘ಇನ್ನೊಂದು ಸುತ್ತು’ ಎನ್ನುವಾಗ ಆ ಸುತ್ತಿನ ಏರಿನ ಜೊತೆಗೆ ಈ ಮನೆಗೆ ಮರಳುವ ಏರಿಗೂ ಕಾಲು ಉಳಿದಿದೆಯೇ ಎಂದು ಕೇಳಿಕೊಳ್ಳಬೇಕು. ಸೂರ್ಯಾಸ್ತಕ್ಕೆ ಕಾಡಿನಿಂದ ಹೊರಬಿದ್ದಿರಬೇಕು, ಒಳಗೆ ಫೋನ್ ಸಿಗ್ನಲ್ ನಂಬುವಂತಿಲ್ಲ. ಮಂಡಿ ಊದಿದವರನ್ನು ಕತ್ತಲಲ್ಲಿ ಮೇಲಕ್ಕೆ ಕರೆತರುವುದು ಎಷ್ಟು ದೂರವೆನಿಸುತ್ತದೆಂಬುದನ್ನು ಒಮ್ಮೆ ಅನುಭವಿಸಿದ್ದೇವೆ. ಎರಡು ಸುತ್ತು ಫ್ಲೋ ಟ್ರೇಲ್ ಮುಗಿಸಿ, ಮೂರನೆಯದಕ್ಕೆ ಕಾರಿಗೆ ಬಂದು ಅಲ್ಲಿ ನಿರ್ಧರಿಸಿ. ಕಾರಿನ ಹತ್ತಿರ ಕುಳಿತವರಲ್ಲಿ ಅರ್ಧಕ್ಕರ್ಧ ಜನ ಮತ್ತೆ ಏಳುವುದಿಲ್ಲ. ಏಳದಿರುವುದೇ ಸರಿಯಾದ ಉತ್ತರವಾಗಿರುತ್ತದೆ.

ಕೊನೆಗೊಂದು ಮಾತು: ಪೊದೆಯೊಳಗೆ ಬಿದ್ದೆ ಎಂದಿರಿ. ಮೂರೆಲೆಯ ಗೊಂಚಲಿನ ಪಾಯ್ಸನ್ ಓಕ್ ಅಲ್ಲಿ ಧಾರಾಳವಾಗಿದೆ. ಅದು ನಮ್ಮ ಮಾವು, ಗೇರುಗಳ ಕುಟುಂಬಕ್ಕೇ ಸೇರಿದ ಗಿಡ. ಗೇರಿನ ಸೊನೆ ತಾಗಿ ಬೊಬ್ಬೆ ಎದ್ದವರಿಗೆ ಅದರ ಪ್ರತಾಪವನ್ನು ವಿವರಿಸಬೇಕಿಲ್ಲ. ಮೈ ತೊಳೆದುಕೊಂಡಿದ್ದರೂ ಆ ಜಿಡ್ಡು ಗ್ಲೌಸ್, ಮಂಡಿಯ ಪ್ಯಾಡ್, ಹ್ಯಾಂಡಲ್‌ನ ಹಿಡಿಗಳ ಮೇಲೆ ಬಹುಕಾಲ ಉಳಿದಿರುತ್ತದೆ. ಪಾತ್ರೆ ತೊಳೆಯುವ ಸೋಪು ಹಾಕಿ ಎಲ್ಲವನ್ನೂ ತೊಳೆಯಿರಿ.

ಕಪ್ಪತಗುಡ್ಡ:

ನಾನು ಗದಗಿನವನು. 2021ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಮ್ಮಲ್ಲೇ ನಡೆದ ಮೇಲೆ ಈ ಹುಚ್ಚು ಹತ್ತಿಸಿಕೊಂಡವರಲ್ಲಿ ಒಬ್ಬ. ನಮ್ಮಲ್ಲಿ ನಾಲ್ಕು ಮೈಲಿಯ ಇಳಿತವಿಲ್ಲ. ಕುರುಚಲು ಗುಡ್ಡದಲ್ಲಿ ಎರಡು ಮೂರು ಕಿಲೊಮೀಟರಿನ ಗಿರಕಿಯನ್ನೇ ಮತ್ತೆ ಮತ್ತೆ ಹೊಡೆಯುತ್ತೇವೆ. ಆದ್ದರಿಂದ ಸುತ್ತು ಎಂಬುದರ ಬಗ್ಗೆ ಮಾತ್ರ ಒಂದು ಮಾತು ಸೇರಿಸುತ್ತೇನೆ.

ಒಲಿಂಪಿಕ್ಸ್‌ನ ಕ್ರಾಸ್ ಕಂಟ್ರಿ ಸ್ಪರ್ಧೆಯೂ ಒಂದೇ ಹಾದಿಯ ಸುತ್ತುಗಳೇ. 2024ರ ಪ್ಯಾರಿಸ್‌ನಲ್ಲಿ ಟಾಮ್ ಪಿಡ್‌ಕಾಕ್ ನಡುವೆ ಟೈರ್ ಪಂಕ್ಚರ್ ಆಗಿ ಹಿಂದೆ ಬಿದ್ದು, ಚಕ್ರ ಬದಲಿಸಿಕೊಂಡು, ಉಳಿದ ಸುತ್ತುಗಳಲ್ಲಿ ಒಬ್ಬೊಬ್ಬರನ್ನೇ ದಾಟಿ ಚಿನ್ನ ಗೆದ್ದರು. ಅಂಥವರೂ ಸ್ಪರ್ಧೆಗೆ ಮುನ್ನ ಹಾದಿಯ ಕಠಿಣ ಜಾಗಗಳಲ್ಲಿ ಸೈಕಲ್ಲಿನಿಂದ ಇಳಿದು, ನಿಂತು, ನೋಡಿ, ಬೇಕಾದರೆ ಹಿಂದಕ್ಕೆ ತಳ್ಳಿಕೊಂಡು ಹೋಗಿ ಮತ್ತೊಮ್ಮೆ ಇಳಿಯುತ್ತಾರೆ. ನಾವೋ ಗೆಳೆಯರ ಜೊತೆ ಹೋದಾಗ ಮೊದಲ ಸುತ್ತಿನಿಂದಲೇ ಬೆನ್ನುಹತ್ತಿ ಓಡುತ್ತೇವೆ. ಹೊಸ ರೋಟರ್‌ಗೆ ಹಣ ಹಾಕುವ ಮೊದಲು, ನಿಮ್ಮ ಮೊದಲ ಸುತ್ತನ್ನು ಬೇಕೆಂದೇ ನಿಧಾನವಾಗಿ ಓಡಿಸಿ. ಮುಂದಿನವರ ಹಿಂದಿನ ಚಕ್ರವನ್ನೇ ನೋಡುತ್ತ ಇಳಿಯುವವರು ತಿರುವು ಎಲ್ಲಿ ಮುಗಿಯುತ್ತದೆಂದು ನೋಡಿರುವುದಿಲ್ಲ, ನೋಡದಿರುವುದರಿಂದಲೇ ಬ್ರೇಕ್ ಬಿಡಲು ಧೈರ್ಯವಾಗುವುದಿಲ್ಲ.

ಹೊಸಸವಾರ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಕುಳಿತು ಎರಡು ಕೆಲಸ ಮಾಡಿದೆ. ಮೊದಲನೆಯದಾಗಿ ಮುಂದಿನ ಚಕ್ರ ಬಿಚ್ಚಿ ಪ್ಯಾಡ್ ಹೊರತೆಗೆದೆ. ಒಂದು ಬದಿಯದು ಉಗುರಿನಷ್ಟೂ ದಪ್ಪ ಉಳಿದಿಲ್ಲ, ಹಿಂದಿನ ಲೋಹದ ತಗಡು ಹೆಚ್ಚುಕಡಿಮೆ ಕಾಣುತ್ತಿದೆ. ರೋಟರ್‌ನ ಅಂಚು ನೇರಳೆ ಬಣ್ಣಕ್ಕೆ ತಿರುಗಿದೆ. ಸೈಕಲ್ಲು ಕೊಂಡಂದಿನಿಂದ ದ್ರವ ಬದಲಿಸಿಲ್ಲವೆಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಎರಡನೆಯದಾಗಿ, ಕೊನೆಯವಳು ಅವರ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದುದರಿಂದ, ನಮ್ಮ ನಾಲ್ವರ ಫೋನ್‌ಗಳಲ್ಲಿ ಉಳಿದಿದ್ದ ಸವಾರಿಯ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಮೂರನೆಯ ಇಳಿತಕ್ಕೆ ಮುನ್ನ ದಿಬ್ಬದ ಮೇಲೆ ಫಿಟ್‌ನೆಸ್ ತೀರ್ಪು ಕೊಟ್ಟ ಗೆಳೆಯ ನಿಂತಿದ್ದದ್ದು ಹದಿನಾಲ್ಕು ನಿಮಿಷ. ನಾನು ನಿಂತಿದ್ದದ್ದು ಎರಡು ನಿಮಿಷಕ್ಕೂ ಕಡಿಮೆ. ನನ್ನ ಪಾಲಿನ ಚಿತ್ರಾನ್ನದ ಡಬ್ಬಿ ಬ್ಯಾಗಿನಿಂದ ಹೊರಗೇ ಬಂದಿರಲಿಲ್ಲ. ಸಂಜೆ ಕಾರಿನಲ್ಲಿ ತೆರೆದಾಗ ಬೆವೆತು ಮುದ್ದೆಯಾಗಿತ್ತು. ಈ ಅಂಕಿಗಳನ್ನು ಗುಂಪಿಗೆ ಕಳಿಸಿದೆ. ಆತ ಬಹಳ ಹೊತ್ತು ಏನೂ ಬರೆಯಲಿಲ್ಲ, ಆಮೇಲೆ ‘ಮುಂದಿನ ಸಲ ಬ್ರೇಕ್ ಪ್ಯಾಡ್ ನನ್ನ ಲೆಕ್ಕದಲ್ಲಿ’ ಎಂದು ಬರೆದ.

ಗ್ರೀಸ್‌ಕೈ:

ಪ್ಯಾಡ್ ಬಂದ ಮೇಲೆ ನೇರವಾಗಿ ಬೆಟ್ಟಕ್ಕೆ ಒಯ್ಯಬೇಡಿ. ಮನೆಯ ಹತ್ತಿರದ ಖಾಲಿ ರಸ್ತೆಯಲ್ಲಿ ವೇಗ ಹಿಡಿದು, ಪೂರ್ತಿ ನಿಲ್ಲದೆ ನಡಿಗೆಯ ವೇಗಕ್ಕೆ ಇಳಿಸುವುದನ್ನು ಒಂದೊಂದು ಬ್ರೇಕ್‌ಗೂ ಇಪ್ಪತ್ತು ಬಾರಿ ಮಾಡಿ, ಆಗ ಪ್ಯಾಡ್ ರೋಟರ್‌ಗೆ ಕೂರುತ್ತದೆ. ಹೊಸ ಪ್ಯಾಡ್ ಹಾಕುವ ಮುನ್ನ ಅದನ್ನು ಒತ್ತುವ ಪಿಸ್ಟನ್‌ಗಳನ್ನು ಹಿಂದಕ್ಕೆ ಒತ್ತುವುದನ್ನೂ, ದ್ರವ ಬದಲಿಸುವುದನ್ನೂ ಮರೆಯಬೇಡಿ. ಹಿಂದಿನ ಚಕ್ರವನ್ನೂ ಬಿಚ್ಚಿ ನೋಡಿದಿರಾ?